ಚಳಿಗಾಲದಲ್ಲಿ ಹಳ್ಳಿ ಕಡೆ ನಡೆಯುತ್ತಾ ಹಕ್ಕಿ ನೋಡೋಕೆ ಎಲ್ಲಿಗೆ, ಯಾವ ಹೊತ್ತಿಗೆ ಹೋಗಬೇಕು?

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ, ಡಿಸೆಂಬರ್-ಜನವರಿಯಲ್ಲಿ. ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬಂದಿರುತ್ತವೆ. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ ಕಂಡರೆ ಅವೇ, ಗೊಂದಲವೇ ಇಲ್ಲ. ಹೊತ್ತು ಮಾತ್ರ ಮುಖ್ಯ. ಇವು ಸುತ್ತಲ ಹೊಲಗಳಲ್ಲಿ ಮೇಯ್ದು ಬಂದು ಹಗಲು ಕೆರೆಯಲ್ಲಿ ವಿಶ್ರಮಿಸುತ್ತವೆ. ಬೆಳಕು ಹರಿಯುವ ಮುಂಚೆಯೇ ಕೆರೆ ಏರಿಯ ಮೇಲಿದ್ದರೆ ಸಾಲುಸಾಲಾಗಿ ನೀರಿಗಿಳಿಯುವುದನ್ನು ನೋಡಬಹುದು. ಹನ್ನೊಂದಕ್ಕೆ ಹೋದರೆ ತೂಕಡಿಸುವ ಹೆಬ್ಬಾತುಗಳಷ್ಟೇ!

ಆಮೇಲೆ ಬದುಗುಂಟ ನಡೆಯಿರಿ. ಕಡಲೆ, ಜೋಳದ ಹೊಲದ ಮೇಲೆ ತೀರಾ ತಗ್ಗಿನಲ್ಲಿ ತೇಲುತ್ತಾ ಹೋಗುವ ಬೇಟೆಹಕ್ಕಿ ಕಂಡರೆ ಅದು ಬಹುಶಃ ಸೆಳೆವ (ಹ್ಯಾರಿಯರ್). ನೀರಿನಂಚಿನಲ್ಲಿ ಬಾಲ ಕುಣಿಸುವುದು ಸಿಪಿಲೆ. 8×42 ಬೈನಾಕ್ಯುಲರ್ (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು (ಉದ್ದ ಲೆನ್ಸ್ ಹೊತ್ತವರು ಹಕ್ಕಿಗಿಂತ ಸ್ಕ್ರೀನನ್ನೇ ಹೆಚ್ಚು ನೋಡುತ್ತಾರೆ). ಹೊಲದೊಳಗೆ ಇಳಿಯುವುದಾದರೆ ರೈತರನ್ನು ಒಂದು ಮಾತು ಕೇಳಿ.