ಅಜ್ಜಿಯ ಒಡವೆ ಸಿಕ್ಕಿದೆಯಾ? ಕರಗಿಸೋಕೆ ಮಾತ್ರ ಒಪ್ಪಬೇಡಿ

ಮುಂಬೈಯ ಗಿರ್‌ಗಾಂವ್ ಚಾಳಿನ ಖೋಲಿ ಖಾಲಿ ಮಾಡುವಾಗ ಅಜ್ಜಿಯ ಒಡವೆ ಡಬ್ಬಿ ಸಿಕ್ಕಿದೆ, ಬಿಲ್ ಇಲ್ಲ, ಚಿನ್ನದ ಪೇಟೆ ಝವೇರಿ ಬಜಾರ್‌ನಲ್ಲಿ ಸರಿಯಾಗಿ ಬೆಲೆ ಕಟ್ಟುವ ಅಂಗಡಿ ಯಾವುದು ಅಂತ ಕೇಳಿದ್ದೀರಿ. ಯಾವುದೂ ಇಲ್ಲ. ಕೊಳ್ಳುವವನ ಹತ್ತಿರ ಬೆಲೆ ಕಟ್ಟಿಸಬಾರದು. ಅವನು ಒಳ್ಳೆಯವನೇ ಇರಬಹುದು, ಆದರೂ ಬೇಡ.

ನಮ್ಮದೂ ಇದೇ ಕಥೆ. ಲಾಲ್‌ಬಾಗ್‌ನ ಚಾಳು ರೀಡೆವಲಪ್‌ಮೆಂಟಿಗೆ ಹೋಯಿತು. ಅಟ್ಟದ ಮೇಲಿನ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಡಬ್ಬಿ ಇತ್ತು. ಅಜ್ಜಿ ಉಡುಪಿ ಕಡೆಯವರು. ಬೆಂಡೋಲೆ, ಬಳೆಗಳು, ತುಂಡಾದ ಕರಿಮಣಿ ಸರ, ಕೆಂಪು ಕಲ್ಲಿನ ಪದಕ, ಕಾಗದದಲ್ಲಿ ಸುತ್ತಿಟ್ಟ ಎರಡು ಪವನು. ಪವನು ಅಂದರೆ ನಿಜವಾದ ಬ್ರಿಟಿಷ್ ಪವನು, ಸಾವರಿನ್ ಅನ್ನೋ ಚಿನ್ನದ ನಾಣ್ಯ, ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಸವಾರ.

ಊರಿನವರೊಬ್ಬರು ತಮಗೆ ಪರಿಚಯದ ಅಂಗಡಿಗೆ ಕರೆದುಕೊಂಡು ಹೋದರು. ಚಹಾ ಬಂತು. ಅಂಗಡಿಯವರು ಒರೆಗಲ್ಲಿಗೆ ಉಜ್ಜಿ ನೋಡಿ, "ಹಳೇ ಮಾಲು, ಹಾಲ್‌ಮಾರ್ಕ್ ಇಲ್ಲ, ಬೆಸುಗೆ ಜಾಸ್ತಿ ಇದೆ. ಕರಗಿಸಿದರೇ ಸರಿಯಾದ ಟಂಚ್ ಗೊತ್ತಾಗೋದು" ಅಂದರು. ಟಂಚ್ ಅಂದರೆ ಚಿನ್ನದ ಶುದ್ಧತೆ. ಮಾತು ಸುಳ್ಳಲ್ಲ. ಹಳೇ ಒಡವೆಯ ಬೆಸುಗೆಯಲ್ಲಿ ಚಿನ್ನ ಕಡಿಮೆ ಇರುತ್ತದೆ, ಕರಗಿಸಿದಾಗ ಒಟ್ಟು ಶುದ್ಧತೆ ಇಳಿಯುತ್ತದೆ. ಅರ್ಧ ನಿಜ ಇದ್ದದ್ದಕ್ಕೇ ನಾನು ಹೂಂ ಅಂದೆ. ಹಿಂದಿನ ಗಲ್ಲಿಯ ಗಲಾಯಿ, ಅಂದರೆ ಚಿನ್ನ ಕರಗಿಸುವ, ಅಂಗಡಿಗೆ ಹೋದೆವು. ಮೂಸೆಯಲ್ಲಿ ಎಲ್ಲ ಒಟ್ಟಿಗೆ ಹಾಕಿದರು. ಪವನನ್ನೂ ಹಾಕಿದರು.

ತಪ್ಪು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನೇ ಬಹಳ ದಿನ ತಪ್ಪಾಗಿ ತಿಳಿದಿದ್ದೆ. ತೂಕದಲ್ಲಿ ಮೋಸ ಆಯಿತು ಅಂದುಕೊಂಡಿದ್ದೆ. ಅದು ಆಯಿತೋ ಇಲ್ಲವೋ ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ. ತಪ್ಪೇ ಅದು. ಒಂದೊಂದು ಒಡವೆಯನ್ನೂ ಬೇರೆ ತೂಗಿ ಬರೆದುಕೊಂಡಿರಲಿಲ್ಲ. ಬೆಂಡೋಲೆಯೊಳಗೆ ಅರಗು ತುಂಬಿತ್ತು ಅಂತ ಕಳೆದರು, ಎಷ್ಟು ಅರಗು ಅಂತ ಯಾರು ನೋಡಿದ್ದಾರೆ? ಬಳೆ 22 ಕ್ಯಾರೆಟ್ ಇದ್ದಿರಬಹುದು, ಸರದ ಕೊಂಡಿ ಅದಕ್ಕಿಂತ ಕಡಿಮೆ ಇದ್ದಿರಬಹುದು. ಕರಗಿ ಒಂದೇ ಗಟ್ಟಿಯಾದ ಮೇಲೆ ಯಾವುದು ಎಷ್ಟಿತ್ತು ಅಂತ ದೇವರೂ ಹೇಳಲಾರ. 22 ಕ್ಯಾರೆಟ್ ಅಂದರೆ ನೂರಕ್ಕೆ 91.6 ಪಾಲು ಚಿನ್ನ. ಅದನ್ನು 88 ಅಂತ ಬರೆದರೆ 100 ಗ್ರಾಂಗೆ 3.6 ಗ್ರಾಂ ಶುದ್ಧ ಚಿನ್ನ ಹೋಯಿತು. ಬೇಡ, ಬೇರೆ ಕಡೆ ಕೇಳುತ್ತೇನೆ ಅನ್ನೋಕೂ ಆಗಲಿಲ್ಲ. ಬಿಲ್ ಇಲ್ಲದ ಗಟ್ಟಿ ಹಿಡಿದು ಪಕ್ಕದ ಅಂಗಡಿಗೆ ಹೋದರೆ ಅವರು ಮೊದಲು ನಿಮ್ಮ ಮುಖ ನೋಡುತ್ತಾರೆ. ಒಡವೆ ಒಡವೆಯಾಗಿಯೇ ಇದ್ದರೆ ಎದ್ದು ಬರಬಹುದು. ಗಟ್ಟಿಯಾಯಿತೋ, ಅಲ್ಲೇ ಮಾರಬೇಕು.

ಪವನಿನ ವಿಷಯ ಆಮೇಲೆ ಗೊತ್ತಾಯಿತು. ಚಿಕ್ಕಪ್ಪನ ಮಗಳು ಒಂದರ ಫೋಟೋ ತೆಗೆದಿದ್ದಳು. ನಾಣ್ಯ ಕೂಡಿಸುವ ಗೆಳೆಯ ಅದನ್ನು ದೊಡ್ಡದು ಮಾಡಿ ನೋಡಿ ತಲೆ ಚಚ್ಚಿಕೊಂಡ. ಇಸವಿ 1918, ಅದರ ಮೇಲೆ, ಕುದುರೆಯ ಕೆಳಗಿನ ನೆಲದಲ್ಲಿ ಸಣ್ಣ 'ಐ' ಅಕ್ಷರ. ಅದು ಬಾಂಬೆ ಟಂಕಸಾಲೆಯ ಗುರುತು. ಆ ಒಂದೇ ವರ್ಷ ಇದೇ ಬಾಂಬೆಯಲ್ಲಿ ಪವನು ಮುದ್ರಿಸಿದ್ದರು. ಕೊಂಡಿ ಬೆಸೆಯದ ಅಂಥ ನಾಣ್ಯಕ್ಕೆ ಚಿನ್ನದ ಬೆಲೆಗಿಂತ ಜಾಸ್ತಿ ಕೊಡುವವರು ಇದ್ದಾರೆ. ಕೋಟಿ ಏನಲ್ಲ. ಆದರೂ 7.98 ಗ್ರಾಂ ತೂಕದ, 22 ಕ್ಯಾರೆಟ್ ಅಂತ ಲೋಕಕ್ಕೇ ಗೊತ್ತಿರುವ ನಾಣ್ಯವನ್ನು ಟಂಚ್ ನೋಡೋಕೆ ಅಂತ ಕರಗಿಸಿದ್ದು ಹೊಟ್ಟೆ ಉರಿಸುತ್ತದೆ.

ಈಗ ನೀವು. ಮನೆಯಲ್ಲೇ ಒಂದೊಂದನ್ನೂ ತೂಗಿ, ಎರಡೂ ಕಡೆ ಫೋಟೋ ತೆಗೆಯಿರಿ. ಹಾಲ್‌ಮಾರ್ಕ್ ಇಲ್ಲ ಅಂತ ಯಾರಾದರೂ ಮೂಗು ಮುರಿದರೆ ಹೆದರಬೇಡಿ. ನಮ್ಮಲ್ಲಿ ಚಿನ್ನಕ್ಕೆ ಹಾಲ್‌ಮಾರ್ಕ್ ಶುರುವಾದದ್ದೇ 2000ದಲ್ಲಿ, ಒಡವೆಗೊಂದು ಗುರುತು ಸಂಖ್ಯೆಯಾದ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಬಂದದ್ದು 2021ರಲ್ಲಿ. ಅಜ್ಜಿಯ ಬಳೆಯಲ್ಲಿ ಅದು ಎಲ್ಲಿಂದ ಬರಬೇಕು? ಅಂಗಡಿಗೆ ಹೋಗೋ ಮೊದಲು ಬಿಐಎಸ್ (ಸರ್ಕಾರದ ಮಾನಕ ಸಂಸ್ಥೆ) ಮಾನ್ಯತೆ ಪಡೆದ ಹಾಲ್‌ಮಾರ್ಕಿಂಗ್ ಸೆಂಟರಿಗೆ ಹೋಗಿ. ಅಲ್ಲಿ ಸಾಮಾನ್ಯ ಗ್ರಾಹಕರ ಒಡವೆಯನ್ನೂ ಪರೀಕ್ಷೆ ಮಾಡಿ ಬರೆದುಕೊಡುತ್ತಾರೆ. 2023ರಲ್ಲಿ ಸರ್ಕಾರ ಹೇಳಿದ ದರ ನಾಲ್ಕು ಒಡವೆಯವರೆಗೆ 200 ರೂಪಾಯಿ. ಅವರಿಗೆ ನಿಮ್ಮ ಚಿನ್ನ ಕೊಳ್ಳುವ ಆಸೆ ಇಲ್ಲ, ಅದೇ ಮುಖ್ಯ. ಮೆಷಿನ್ ಪರೀಕ್ಷೆ ಮೇಲ್ಮೈಯನ್ನಷ್ಟೇ ಓದುತ್ತದೆ. ಹಾಗಾಗಿ ಕೊಂಡಿ, ಬೆಸುಗೆ, ಹಿಂಬದಿ ಎಲ್ಲ ಬೇರೆ ಬೇರೆ ಜಾಗದಲ್ಲಿ ನೋಡೋಕೆ ಹೇಳಿ.

ಕಲ್ಲು ಕೀಳಿಸಬೇಡಿ. ಹಳೇ ಕೆಂಪು ಕಲ್ಲೆಲ್ಲವೂ ಬೆಲೆಬಾಳುವ ಬರ್ಮಾ ಮಾಣಿಕ್ಯವಲ್ಲ, ಕಾರ್ಖಾನೆಯಲ್ಲಿ ಮಾಡಿದ ಕೆಂಪು ನೂರು ವರ್ಷದಿಂದ ಬಜಾರಿನಲ್ಲಿದೆ. ಆದರೂ ನಮ್ಮ ಪದಕದ ಕಲ್ಲುಗಳನ್ನು ಪೊಟ್ಟಣ ಕಟ್ಟಿ ಕೈಗಿಟ್ಟರಲ್ಲ, ಹಾಗಾಗೋದು ಬೇಡ. ದೊಡ್ಡದಾಗಿದ್ದರೆ ರತ್ನ ಪರೀಕ್ಷೆಯ ಲ್ಯಾಬಿಗೆ ಕೊಡಿ. ಮೊತ್ತ ದೊಡ್ಡದಾದರೆ ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿಸಿದ ವ್ಯಾಲ್ಯುಯರ್ (ಬೆಲೆ ಕಟ್ಟುವವರು) ಹತ್ತಿರ 2001ರ ಏಪ್ರಿಲ್ 1ರ ಬೆಲೆಯನ್ನೂ ಬರೆಸಿಕೊಳ್ಳಿ. ಅದಕ್ಕಿಂತ ಹಿಂದಿನ ಒಡವೆಗೆ ಆ ಬೆಲೆಯನ್ನೇ ಕೊಂಡ ಬೆಲೆ ಅಂತ ತೋರಿಸಬಹುದು, ಲಾಭದ ಮೇಲಿನ ತೆರಿಗೆ ಕಡಿಮೆಯಾಗುತ್ತದೆ.

ಇನ್ನೊಂದು ಮಾತು, ಬೇಜಾರಾಗಬೇಡಿ. ಪ್ರಶ್ನೆಯಲ್ಲಿ ನೀವು "ನನಗೆ ಸಿಕ್ಕಿತು" ಅಂತ ಬರೆದಿದ್ದೀರಿ. ಅಜ್ಜಿ ಉಯಿಲು ಬರೆದಿಲ್ಲ ಅಂದರೆ ಅವರ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಅತ್ತೆಯರಿಗೆ ಫೋನ್ ಮಾಡಿದ್ದೀರಾ? ಮಾರಿದ ಮೇಲೆ ಹೇಳಿದರೆ ನಮ್ಮ ಮನೆಯಲ್ಲಿ ಆದ ಹಾಗೆ ಗಣಪತಿ ಹಬ್ಬಕ್ಕೂ ಯಾರೂ ಬರುವುದಿಲ್ಲ.

ಅವರೂ ಒಪ್ಪಿದರೆ ರಿಪೋರ್ಟ್ ಹಿಡಿದು ಎರಡು ಮೂರು ಅಂಗಡಿ ಸುತ್ತಿ. ಕರಗಿಸೋಣ ಅಂದ ಕೂಡಲೇ ಎದ್ದು ಬನ್ನಿ. ಹಣ ಬ್ಯಾಂಕಿಗೇ ಹಾಕಿಸಿಕೊಳ್ಳಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ದಂಡ ಬೀಳುವುದು ಕೊಟ್ಟವನಿಗಲ್ಲ, ತೆಗೆದುಕೊಂಡ ನಿಮಗೆ.