ಗುಳೆ ಹೋಗುವ ಮಗುವಿಗೆ ದಡಾರದ ಸೂಜಿ ಯಾವಾಗ?

"ನಿಮ್ಮ ಕಡೆ ಜನ ಮಕ್ಕಳಿಗೆ ಲಸಿಕೆ ಹಾಕಿಸಲು ಒಪ್ಪೋದಿಲ್ಲವಂತೆ, ಮೂಢನಂಬಿಕೆ ಜಾಸ್ತಿಯಂತೆ, ಹೌದಾ?" ಅಂತ ಕೇಳಿದಿರಿ. ಮೈಸೂರಿನಿಂದ ಕಲಬುರಗಿಗೆ ಬಂದು ಕೂಲಿಕಾರರ ಮಕ್ಕಳ ನಡುವೆ ಕೆಲಸ ಮಾಡಬೇಕು ಅಂತಿರುವವರು ನೀವು, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಒಪ್ಪದವರು ಇದ್ದಾರೆ, ಇಲ್ಲ ಅನ್ನೋಲ್ಲ. ಆದರೆ ನಾನು ಕಂಡಂತೆ ಸೂಜಿ ತಪ್ಪಿದ ಮಕ್ಕಳ ತಂದೆತಾಯಿ ಬಹಳಷ್ಟು ಮಂದಿ ಬೇಡ ಅಂದವರೇ ಅಲ್ಲ. ಸೂಜಿ ಹಾಕುವ ಹೊತ್ತಿಗೆ ಅವರು ಊರಲ್ಲೇ ಇರಲಿಲ್ಲ, ಅಷ್ಟೇ.

ಇಲ್ಲಿನ ವರ್ಷ ಹೇಗೆ ನಡೆಯುತ್ತದೆ ಅಂತ ಮೊದಲು ಕೇಳಿ. ಆಳಂದ, ಚಿಂಚೋಳಿ, ಚಿತ್ತಾಪುರ, ಈ ಕಡೆ ಯಾದಗಿರಿಯ ಗುರುಮಠಕಲ್, ಆ ಕಡೆ ಬೀದರಿನ ಔರಾದ್, ಎಲ್ಲ ಕಡೆ ಹಳ್ಳಿ ಮತ್ತು ತಾಂಡಾಗಳಿಂದ ದಸರಾ ಮುಗಿಯುತ್ತಿದ್ದಂತೆ ಜನ ಗುಳೆ ಹೊರಡುತ್ತಾರೆ. ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ. ಕೆಲವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು. ಮುಕಾದಮ, ಅಂದರೆ ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ, ಮಳೆಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ, ಆ ದುಡ್ಡು ಬಿತ್ತನೆಗೋ ಮದುವೆಗೋ ಆಗಲೇ ಖರ್ಚಾಗಿರುತ್ತದೆ, ಹಾಗಾಗಿ ಹೋಗದೆ ಇರುವ ಮಾತೇ ಇಲ್ಲ. ಗಂಡ ಹೆಂಡತಿ ಜೋಡಿಯಾಗಿ ದುಡಿಯಬೇಕು, ಕೂಸು ಜೊತೆಗೇ ಇರಬೇಕು. ಮನೆ ಕಾಯಲು ಮುದುಕರು. ಎಳ್ಳಮಾವಾಸ್ಯೆಗೋ ಶರಣಬಸವೇಶ್ವರ ಜಾತ್ರೆಗೋ ಒಂದೆರಡು ದಿನ ಬಂದು ಹೋಗುವವರುಂಟು. ಗಂಟುಮೂಟೆ ಸಮೇತ ವಾಪಸ್ ಬರುವುದು ಮಾತ್ರ ಯುಗಾದಿ ಆದ ಮೇಲೆ, ಕೆಲವರು ಮೇ ಕೊನೆಗೆ, ತೊಗರಿ ಬಿತ್ತನೆಯ ಹೊತ್ತಿಗೆ.

ಈಗ ಸರ್ಕಾರದ ಲಸಿಕೆ ಪಟ್ಟಿಯನ್ನು ಇದರ ಪಕ್ಕ ಇಟ್ಟು ನೋಡಿ. ಜೂನ್‌ನಲ್ಲಿ ಹುಟ್ಟಿದ ಒಂದು ಕೂಸು ಅಂದುಕೊಳ್ಳಿ. ಪೆಂಟಾ, ಅಂದರೆ ಗಂಟಲಮಾರಿ, ನಾಯಿಕೆಮ್ಮು ಸೇರಿ ಐದು ರೋಗಕ್ಕೆ ಒಂದೇ ಸೂಜಿ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಅಂದರೆ ದಸರಾದೊಳಗೆ ಮೂರೂ ಮುಗಿಯುತ್ತವೆ. ತಾಯಿ ಊರಲ್ಲೇ ಇರುತ್ತಾಳೆ, ಗುರುವಾರ ಅಂಗನವಾಡಿಗೆ ಬರುತ್ತಾಳೆ, ಎಲ್ಲ ಸರಿ. ದಡಾರ-ರುಬೆಲ್ಲಾ ಸೂಜಿಯ ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ. ಅಂದರೆ ಮಾರ್ಚ್. ಕೂಸು ಆಗ ಎಲ್ಲಿರುತ್ತದೆ? ಪುಣೆಯ ಯಾವುದೋ ಕಟ್ಟಡದ ಕೆಳಗೆ, ತಗಡಿನ ಶೆಡ್ಡಿನಲ್ಲಿ. ಎರಡನೇ ಡೋಸ್ 16ರಿಂದ 24 ತಿಂಗಳೊಳಗೆ. 16 ತಿಂಗಳು ತುಂಬುವುದು ಯಾವಾಗ? ಅಕ್ಟೋಬರ್‌ನಲ್ಲಿ, ಮತ್ತೆ ಲಾರಿ ಹತ್ತುವ ವಾರದಲ್ಲೇ. ಪಟ್ಟಿ ಮಾಡಿದವರು ಬೇಕಂತ ಮಾಡಿದ್ದಲ್ಲ. 9 ತಿಂಗಳು ಯಾಕೆ ಅಂದರೆ ಅಲ್ಲಿಯವರೆಗೆ ತಾಯಿಯಿಂದ ಬಂದ ರಕ್ಷಣೆ ಮಗುವಿನ ಮೈಯಲ್ಲಿ ಉಳಿದಿರುತ್ತದೆ, ಅದು ಇರುವಾಗ ಲಸಿಕೆ ಸರಿಯಾಗಿ ಹತ್ತೋದಿಲ್ಲ. ಆದರೆ ಈ ತಿಂಗಳ ಲೆಕ್ಕ ನಮ್ಮ ಗುಳೆಯ ಲೆಕ್ಕಕ್ಕೆ ಸರಿಯಾಗಿ ಅಡ್ಡ ಬೀಳುತ್ತದೆ. ಡಿಸೆಂಬರ್‌ನಲ್ಲಿ ಕೆಲಸದ ಜಾಗದಲ್ಲೇ ಹುಟ್ಟಿದ ಕೂಸಿಗೆ ಇದು ಉಲ್ಟಾ: ಪೆಂಟಾ ಮೂರೂ ತಪ್ಪುತ್ತವೆ, ದಡಾರದ್ದು ಸೆಪ್ಟೆಂಬರ್‌ನಲ್ಲಿ ಊರಲ್ಲೇ ಸಿಗುತ್ತದೆ.

ಇದರಲ್ಲೇ ಒಂದು ದಾರಿಯೂ ಇದೆ. ಮೊದಲ ಡೋಸ್‌ಗೆ 9ರಿಂದ 12 ತಿಂಗಳು ಅಂತ ಅವಕಾಶವಿದೆ. ಜೂನ್‌ನ ಆ ಕೂಸು ಮೇ ತಿಂಗಳಲ್ಲಿ ವಾಪಸ್ ಬಂದಾಗ 11 ತಿಂಗಳದ್ದು, ಸರಿಯಾದ ಹೊತ್ತೇ. ಎರಡನೇದು ಅಕ್ಟೋಬರ್‌ನಲ್ಲಿ ಹೊರಡುವ ಮುಂಚೆ, ಆಗಲೂ ತಪ್ಪಿದರೆ ಮುಂದಿನ ಮೇನಲ್ಲಿ. ಅದೂ ದಾಟಿತು ಅನ್ನಿ, 5 ವರ್ಷದವರೆಗೆ ಈ ಸೂಜಿ ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ, ಎರಡು ಡೋಸ್ ನಡುವೆ ಒಂದು ತಿಂಗಳಿದ್ದರೆ ಸಾಕು. ಹಾಗಾಗಿ ನೀವು ಇಲ್ಲಿಗೆ ಬಂದು ಏನಾದರೂ ಮಾಡಬೇಕು ಅಂದರೆ ನನ್ನ ಮಾತು ಒಂದೇ: ವರ್ಷಪೂರ್ತಿ ಪ್ರಚಾರ ಅಂತ ಸುಮ್ನೆ ಓಡಾಡಬೇಡಿ. ಜನ ವಾಪಸ್ ಬರುವ ಏಪ್ರಿಲ್-ಮೇ, ಹೊರಡುವ ಮುಂಚಿನ ಸೆಪ್ಟೆಂಬರ್-ಅಕ್ಟೋಬರ್, ಈ ಎರಡು ಹೊತ್ತು ಗಟ್ಟಿಯಾಗಿ ಹಿಡಿಯಿರಿ. ಯಾವ ತಾಂಡಾದಿಂದ ಯಾವ ದಿನ ಗಾಡಿ ಹೊರಡುತ್ತದೆ ಅನ್ನೋದು ಮುಕಾದಮನಿಗೆ ಗೊತ್ತಿರುತ್ತದೆ. ಆರೋಗ್ಯ ಇಲಾಖೆಯವರು ಅವನ ಜೊತೆ ಚಹಾ ಕುಡಿದಷ್ಟೂ ಒಳ್ಳೆಯದು.

ಎರಡು ಡೋಸ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. 9 ತಿಂಗಳಿಗೆ ಹಾಕಿದ ಒಂದೇ ಡೋಸ್ ನೂರರಲ್ಲಿ ಸುಮಾರು 85 ಮಕ್ಕಳನ್ನಷ್ಟೇ ಕಾಯುತ್ತದೆ. ಬೇರೆ ರೋಗಕ್ಕೆ ಅಷ್ಟು ಸಾಕಾದೀತು, ದಡಾರಕ್ಕೆ ಸಾಲದು. ದಡಾರ ಬಂದ ಒಬ್ಬನಿಂದ ಲಸಿಕೆ ಇಲ್ಲದ 12ರಿಂದ 18 ಜನಕ್ಕೆ ಹರಡಬಹುದು. ಕೆಮ್ಮಿದವನು ಎದ್ದು ಹೋದ ಮೇಲೂ ಆ ಗಾಳಿಯಲ್ಲಿ ಎರಡು ತಾಸಿನವರೆಗೆ ವೈರಸ್ ಇರುತ್ತದೆ. ಮೈಮೇಲೆ ಗುಳ್ಳೆ ಕಾಣುವ 4 ದಿನ ಮುಂಚೆಯೇ ಹರಡಲು ಶುರು, ಅಂದರೆ ಬರೀ ನೆಗಡಿ, ಕೆಂಪು ಕಣ್ಣು, ಉರಿ (ಜ್ವರಕ್ಕೆ ಇಲ್ಲಿ ಹಾಗೇ ಅನ್ನೋದು) ಅಂತ ಮಗುವನ್ನು ಎತ್ತಿಕೊಂಡು ಓಡಾಡುವಾಗಲೇ. ಅದಕ್ಕೇ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು ಅನ್ನೋದು. ಇನ್ನು ಚಳಿಗಾಲದ ಕೊನೆಯಿಂದ ಬೇಸಿಗೆ ಶುರುವಿನವರೆಗೆ ದಡಾರದ ಕಾಲ. ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಶೆಡ್ಡಿನಲ್ಲಿ ನಮ್ಮ ಮಕ್ಕಳು ಇರುವುದೂ ಅದೇ ತಿಂಗಳುಗಳಲ್ಲಿ. 2022ರ ಕೊನೆಗೆ ಮುಂಬೈಯ ಗೋವಂಡಿ ಕಡೆ ದಡಾರ ಹಬ್ಬಿದ್ದು ನೀವೂ ಓದಿರಬೇಕು. ಮುಂಬೈಯ ಸುದ್ದಿ ನಿಮಗೆ ದೂರದ್ದು. ನಮಗೆ ಅದು ರಾತ್ರಿ ಬಸ್ಸಿನಷ್ಟು ಹತ್ತಿರ.

ಇಲ್ಲಿಂದ ಹೋಗುವವರ ಮಾತಾಯಿತು. ಇಲ್ಲಿಗೆ ಬರುವವರೂ ಇದ್ದಾರೆ, ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗೆ ಬಿಹಾರ, ಉತ್ತರ ಪ್ರದೇಶ, ಒಡಿಶಾದವರು. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಕ್ಕೂ ಹೊರಗಿನವರೇ. ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಊರಿಂದೂರಿಗೆ ಹೋಗುವ ಟೋಳಿಗಳು ಬೇರೆ. ಇಟ್ಟಂಗಿ ಭಟ್ಟಿಗಂತೂ ಸಂಸಾರ ಸಮೇತ ಬರುತ್ತಾರೆ. ಭಟ್ಟಿ ಇರುವುದು ಎರಡು ಊರಿನ ನಡುವಿನ ಹೊಲದಲ್ಲಿ. ಈ ಊರಿನ ಆಶಾ ಕಾರ್ಯಕರ್ತೆ ಅದು ಆ ಊರಿಗೆ ಸೇರಿದ್ದು ಅಂತಾಳೆ, ಆ ಊರಿನ ಆಶಾ ಇದು ಈ ಊರಿಗೆ ಸೇರಿದ್ದು ಅಂತಾಳೆ. ಇಬ್ಬರ ತಪ್ಪೂ ಅಲ್ಲ, ಮನೆ ನಂಬರ್ ಇಲ್ಲದ ಜಾಗ ಸರ್ವೆಯಲ್ಲಿ ಬರೋದು ಕಷ್ಟ. ಪೋಲಿಯೊ ಕಾಲದಲ್ಲಿ ಈ ಕೆಲಸವನ್ನೇ ಚೆನ್ನಾಗಿ ಮಾಡಿದ್ದರು: ಭಟ್ಟಿ, ಕಟ್ಟಡದ ಜಾಗ, ಅಲೆಮಾರಿಗಳ ಡೇರೆ, ಎಲ್ಲವನ್ನೂ ನಕ್ಷೆಯಲ್ಲಿ ಗುರುತು ಹಾಕಿ, ಬಸ್ ಸ್ಟ್ಯಾಂಡು, ರೈಲು ನಿಲ್ದಾಣದಲ್ಲೇ ಹನಿ ಹಾಕಿದರು. ದೇಶದ ಕೊನೆಯ ಕಾಡು ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಆದರೆ ದಡಾರದ್ದು ಬಾಯಿಗೆ ಹಾಕುವ ಹನಿಯಲ್ಲ, ಸೂಜಿ. ಸಿಸ್ಟರ್ ಬರಬೇಕು, ಐಸ್ ಡಬ್ಬಿ ಬರಬೇಕು.

ಭಟ್ಟಿಯಲ್ಲಿ ಅದು ಹೇಗೆ ನಡೆಯುತ್ತದೆ ಹೇಳುತ್ತೇನೆ. ಸಿಸ್ಟರ್ ನೀಲಿ ಡಬ್ಬಿ ಬಿಚ್ಚುತ್ತಾರೆ. ಸೀಸೆಯೊಳಗೆ ಪುಡಿ, ಅದರ ಜೊತೆಗೇ ಬಂದ ದ್ರಾವಣ ಹಾಕಿ ಕಲಸಿ, ಎಷ್ಟು ಗಂಟೆಗೆ ಕಲಸಿದ್ದು ಅಂತ ಸೀಸೆಯ ಮೇಲೇ ಪೆನ್ನಿನಲ್ಲಿ ಬರೆಯುತ್ತಾರೆ. 4 ತಾಸಿನೊಳಗೆ ಮುಗಿಸಬೇಕು, ಉಳಿದದ್ದು ಎಸೆಯಬೇಕು. ನಮ್ಮ ಬಿಸಿಲಿನಲ್ಲಿ ಇದನ್ನು 2ರಿಂದ 8 ಡಿಗ್ರಿಯಲ್ಲಿ ಕಾಪಾಡಿಕೊಂಡು ಭಟ್ಟಿಯವರೆಗೆ ತರುವುದೇ ಒಂದು ಸಾಹಸ. ಒಂದು ಸೀಸೆಯಲ್ಲಿ ಐದೋ ಹತ್ತೋ ಡೋಸ್ ಇರುತ್ತವೆ, ಹಾಗಾಗಿ ಒಂದೇ ಮಗು ಇದ್ದರೆ "ಮುಂದಿನ ವಾರ ನೋಡೋಣ" ಅನ್ನುವ ಆಸೆ ಯಾರಿಗಾದರೂ ಬರುತ್ತದೆ. ಮುಂದಿನ ವಾರ ಆ ಮಗು ಇರೋದಿಲ್ಲ! ಒಂದು ಮಗು ಬಂದರೂ ಸೀಸೆ ಒಡೆಯಬೇಕು ಅನ್ನೋದೇ ನಿಯಮ, ಅದನ್ನು ನೆನಪಿಸಲು ಪಕ್ಕದಲ್ಲಿ ಒಬ್ಬರಿದ್ದರೆ ಚೆಂದ.

ತಾಯಂದಿರ ಅಂಜಿಕೆ ಏನು ಗೊತ್ತಾ? "ಬ್ಯಾಡ್ರಿ ಅಕ್ಕಾ, ರಾತ್ರಿ ಕೂಸಿಗಿ ಉರಿ ಬಂದ್ರ ನಾಳಿ ಕೂಲಿ ಹೋಗ್ತದ." ಇದು ಮೂಢನಂಬಿಕೆ ಅಲ್ಲ, ಲೆಕ್ಕ. ಪೆಂಟಾ ಹಾಕಿಸಿದ ರಾತ್ರಿ ಮಗು ಅತ್ತದ್ದು ಆಕೆಗೆ ನೆನಪಿದೆ. ಅನುಭವ ಇರುವ ಆಶಾ ಆದರೆ ವಾದ ಮಾಡೋದಿಲ್ಲ. "ಅದಕ್ಕ ಅದೇ ರಾತ್ರಿ ಬರ್ತದ ತಂಗಿ, ಇದಕ್ಕ ಬಂದ್ರ ವಾರಕ್ಕ ಬರ್ತದ, ಅದೂ ಎಲ್ಲರಿಗಿ ಬರಂಗಿಲ್ಲ. ಉರಿದು ಔಷಧ ಕೊಟ್ಟೇ ಹೋಗ್ತೀನಿ" ಅಂತಾಳೆ. ಮಾತು ನಿಜವೇ, ದಡಾರದ ಲಸಿಕೆಗೆ ಜ್ವರ ಬಂದರೆ ಸಾಮಾನ್ಯವಾಗಿ 5ರಿಂದ 12 ದಿನದ ನಡುವೆ ಬರುತ್ತದೆ, ಹಗುರಾಗಿರುತ್ತದೆ. ಇಷ್ಟನ್ನು ಮೊದಲೇ ಹೇಳದಿದ್ದರೆ ವಾರದ ಮೇಲೆ ಬಂದ ಜ್ವರಕ್ಕೆ ಜನ ಇನ್ನೇನನ್ನೋ ಕಾರಣ ಮಾಡುತ್ತಾರೆ. ಹಾಗೆಯೇ, ಮಗುವಿಗೆ ನೆಗಡಿ ಇದೆ, ಸ್ವಲ್ಪ ಭೇದಿ ಇದೆ ಅಂತ ಲಸಿಕೆ ಮುಂದೂಡಬೇಕಿಲ್ಲ. ಭಟ್ಟಿಯ ಧೂಳಿನಲ್ಲಿ ನೆಗಡಿ ಇಲ್ಲದ ಮಗುವಿಗಾಗಿ ಕಾದರೆ ವರ್ಷ ಕಳೆಯುತ್ತದೆ.

ಕಾರ್ಡಿನ ವಿಷಯ. ಲಸಿಕೆ ಹಾಕಿದ ತಾರೀಖು ಬರೆದ ತಾಯಿ ಕಾರ್ಡ್ ಅಂತ ಕೊಟ್ಟಿರುತ್ತಾರೆ, ಅದನ್ನು ಊರಲ್ಲಿ ಟ್ರಂಕಿನೊಳಗೆ ಜೋಪಾನವಾಗಿ ಇಟ್ಟು ಹೋಗುತ್ತಾರೆ, ರೇಷನ್ ಕಾರ್ಡಿನ ಜೊತೆ. ಸೊಲ್ಲಾಪುರದಲ್ಲಿ ಸಿಸ್ಟರ್ ಕೇಳಿದರೆ ತೋರಿಸಲು ಏನೂ ಇಲ್ಲ. ಕಾರ್ಡಿನ ಫೋಟೊ ಫೋನಿನಲ್ಲಿ ಹಾಕಿಕೊಡಿ, ಗಂಡನ ಫೋನು, ಹೆಂಡತಿಯ ಫೋನು, ಎರಡರಲ್ಲೂ. ಕನ್ನಡ ಬಾರದಿದ್ದರೂ ಅಲ್ಲಿನವರಿಗೆ ತಾರೀಖು ಕಾಣುತ್ತದೆ. ಸರ್ಕಾರಿ ಲಸಿಕೆ ಪಟ್ಟಿ ಗಡಿಯ ಆಚೆಗೂ ಇದೇ, ಉದಗೀರದಲ್ಲೂ ಜಹೀರಾಬಾದಿನಲ್ಲೂ ಆಧಾರ್ ವಿಳಾಸ ಎಲ್ಲಿಯದು ಅನ್ನೋದು ಮುಖ್ಯವಲ್ಲ. ಈಗ ಯು-ವಿನ್ ಅಂತ ಆನ್‌ಲೈನ್ ದಾಖಲೆಯೂ ಬಂದಿದೆ, ಆದರೆ ನಮ್ಮವರು ಸಿಮ್ ಬದಲಿಸುವ ವೇಗಕ್ಕೆ ನಾನು ಇನ್ನೂ ಫೋಟೊವನ್ನೇ ನಂಬುತ್ತೇನೆ. ಕಾರ್ಡೂ ಇಲ್ಲ, ನೆನಪೂ ಇಲ್ಲ ಅಂದರೆ ಹಾಕಿಬಿಡಬೇಕು. ಒಂದು ಡೋಸ್ ಹೆಚ್ಚಾದರೆ ತೊಂದರೆಯಿಲ್ಲ.

ನಿಮಗೆ ಬೇಕಾಗುವ ಇನ್ನೊಂದು ಮಾತು. ಇಲ್ಲಿ ದಡಾರ ಅಂದರೆ ಕೆಲವರಿಗೆ ತಿಳಿಯೋದಿಲ್ಲ, ಈ ಕಡೆಯ ಹೆಸರಿನಲ್ಲಿ ಗೊಬ್ಬರ ಅನ್ನಿ. ಮರಾಠಿಯವರಿಗೆ ಗೋವರ್, ಉರ್ದು-ಹಿಂದಿಯವರಿಗೆ ಖಸ್ರಾ, ತೆಲುಗರಿಗೆ ತಟ್ಟು. ಬಹಳ ಮನೆಗಳಲ್ಲಿ "ಅಮ್ಮ ಬಂದಾಳ" ಅಂತಷ್ಟೇ ಹೇಳುತ್ತಾರೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಹೊರಗಿನವರನ್ನು ಒಳಗೆ ಬಿಡೋದಿಲ್ಲ. ಅದನ್ನು ಕಂಡು ನಗಬೇಡಿ, ಮಗುವನ್ನು ಬೇರೆ ಮಕ್ಕಳಿಂದ ದೂರ ಇಡೋದು ಡಾಕ್ಟರೂ ಹೇಳುವ ಮಾತೇ ಅಲ್ವಾ? ಬೇವು ಇರಲಿ. ಊಟ, ಎಣ್ಣೆ, ಒಗ್ಗರಣೆ ನಿಲ್ಲಿಸುವುದು ಮಾತ್ರ ಕೆಟ್ಟದ್ದು, ಮೊದಲೇ ಸೊರಗಿದ ಮಗು ಇನ್ನೂ ಸೊರಗುತ್ತದೆ. ಎದೆಹಾಲು, ಗಂಜಿ, ನೀರು ನಿಲ್ಲಬಾರದು. ವಿಟಮಿನ್ ಎ ಒಂದು ದಿನ, ಮರುದಿನ ಮತ್ತೊಂದು ಡೋಸ್ ಕೊಡಿಸಬೇಕು, ಕಣ್ಣಿಗೂ ಜೀವಕ್ಕೂ ಅದು ಕಾವಲು. ಉಸಿರು ಜೋರಾದರೆ, ಮಗು ಏನೂ ಕುಡಿಯದಿದ್ದರೆ, ಫಿಟ್ಸ್ ಬಂದರೆ, ಕಣ್ಣಿನ ಕರಿಗುಡ್ಡೆ ಮಸುಕಾದರೆ ತಡ ಮಾಡದೆ ಜಿಲ್ಲಾ ಆಸ್ಪತ್ರೆ. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಯಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಗುಳ್ಳೆ ಒಣಗಿದರೆ ಮುಗಿಯಿತು ಅಂತಲ್ಲ. ದಡಾರ ಬಂದ ಮಗು ಬೇರೆ ರೋಗಗಳ ವಿರುದ್ಧ ಮೈ ಗಳಿಸಿದ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ, ಮುಂದಿನ ಹಲವು ತಿಂಗಳು ನ್ಯುಮೋನಿಯಾ, ಭೇದಿಗೆ ಸುಲಭದ ತುತ್ತು.

ಬೇರೆ ರೋಗಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಗಂಟಲಮಾರಿ, ನಾಯಿಕೆಮ್ಮಿಗೆ ಪೆಂಟಾ ಮೂರು ಸಾಲದು, ಒಂದೂವರೆ ವರ್ಷಕ್ಕೂ ಐದು ವರ್ಷಕ್ಕೂ ಬೂಸ್ಟರ್ ಇದೆ, ತಪ್ಪೋದು ಅವೇ. ವಾಂತಿಭೇದಿ ಭಟ್ಟಿಯ ಟ್ಯಾಂಕರ್ ನೀರಿನದು, ಮಾಲೀಕನ ಹತ್ತಿರ ಕ್ಲೋರಿನ್ ಬಗ್ಗೆ ಮಾತಾಡಿ, ಮಕ್ಕಳಿಗೆ ಓಆರ್‌ಎಸ್ ಜೊತೆ 14 ದಿನ ಜಿಂಕ್. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ. ಟಿಬಿ ಗುಳಗಿ ಶುರು ಮಾಡಿದವರು ಊರು ಬಿಡುವಾಗ ಹೇಳಿ ಹೋದರೆ ನಿಕ್ಷಯ್ ಅನ್ನುವ ಸರ್ಕಾರಿ ಟಿಬಿ ದಾಖಲೆಯನ್ನು ಹೋಗುವ ಊರಿಗೆ ವರ್ಗಾಯಿಸುತ್ತಾರೆ. 2024ರ ನವೆಂಬರ್‌ನಿಂದ ಟಿಬಿ ರೋಗಿಗೆ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಕೊಡುತ್ತಾರೆ, ಮೊದಲು 500 ಇತ್ತು. ದುಡ್ಡಿನ ಮಾತು ಹೇಳಿದರೆ ವಿಳಾಸ ಹೇಳುವವರು ಜಾಸ್ತಿ.

ಮತ್ತೆ, ಶೆಡ್ಡಿನ ಮುಂದೆ ನಿಂತು "ಎಲ್ಲಿಂದ ಬಂದಿರಿ?" ಅಂತ ಮೊದಲ ಮಾತೇ ಕೇಳಬೇಡಿ. ದೇಶದ ಮೊದಲ ಕೋವಿಡ್ ಸಾವು ಆದದ್ದು ನಮ್ಮ ಕಲಬುರಗಿಯವರದ್ದು, 2020ರ ಮಾರ್ಚ್‌ನಲ್ಲಿ. ಅದಾದ ಮೇಲೆ ಮುಂಬೈಯಿಂದ ವಾಪಸ್ ಬಂದವರನ್ನು ಜನ ನೋಡಿದ ರೀತಿ ಯಾರೂ ಮರೆತಿಲ್ಲ. ಊರ ದಾರಿಗೆ ಮುಳ್ಳು ಹಾಕಿದ್ದು, ಶಾಲೆಯಲ್ಲಿ ಇಟ್ಟದ್ದು, ಎಲ್ಲ. ಆ ಪ್ರಶ್ನೆ ಕೇಳಿದರೆ ಮಗುವನ್ನು ಒಳಗೆ ಕಳಿಸಿ ಬಾಗಿಲು ಹಾಕುತ್ತಾರೆ. ಕೂಸಿನ ಹೆಸರು ಕೇಳಿ, ವಯಸ್ಸು ಕೇಳಿ, ವಯಸ್ಸಿನ ಮೇಲೆ ಯಾವ ಸೂಜಿ ಬಾಕಿ ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

ನೀವು ಬರುವುದು ಮೇ ತಿಂಗಳಲ್ಲಿ ಅಂದಿರಿ, ಒಳ್ಳೆಯ ಹೊತ್ತೇ. ಆದರೆ ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ, ಬಿಸಿಲಿಗೆ. ಭಟ್ಟಿಯವರು ನಸುಕಿನಲ್ಲೇ ಕೆಲಸ ಶುರು ಮಾಡಿ ಹತ್ತು-ಹನ್ನೊಂದಕ್ಕೆ ನೆರಳಿಗೆ ಬರುತ್ತಾರೆ. ಸಿಸ್ಟರ್‌ಗೂ ತಾಯಂದಿರಿಗೂ ಹೊಂದುವ ಸಮಯ ಅದೊಂದೇ. ಗುರುವಾರಕ್ಕೆ ಎರಡು ದಿನ ಮುಂಚೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಭಟ್ಟಿಯ ಹೆಸರು ಬರೆಸಿ, ಮಕ್ಕಳ ಪಟ್ಟಿ ಕೊಟ್ಟು ಬನ್ನಿ.