ಪದವಿಯ ಅಮೂರ್ತ ಬೀಜಗಣಿತ ಪ್ರೌಢಶಾಲಾ ಶಿಕ್ಷಕರಿಗೆ ಎಲ್ಲಿ ಬೇಕಾಗುತ್ತದೆ?

ಪದವಿಯಲ್ಲಿ ಓದಿದ, ಕೂಡಿ, ಕಳೆದು, ಗುಣಿಸಬಹುದಾದ ಸಂಖ್ಯಾ ವ್ಯವಸ್ಥೆಗಳಾದ ರಿಂಗ್, ಅವುಗಳಲ್ಲೇ ಸೊನ್ನೆ ಬಿಟ್ಟು ಉಳಿದೆಲ್ಲದರಿಂದ ಭಾಗಿಸಲೂ ಬರುವ ಫೀಲ್ಡ್‌ಗಳು ಹತ್ತನೇ ತರಗತಿಗೆ ಪಾಠ ಮಾಡುವವರಿಗೆ ಎಲ್ಲಿ ಉಪಯೋಗಕ್ಕೆ ಬರುತ್ತವೆ ಎಂಬ ಪ್ರಶ್ನೆಗೆ ವರ್ಗ ಸಮೀಕರಣದ ಪಾಠದಲ್ಲೇ ಉತ್ತರವಿದೆ. ಅವ್ಯಕ್ತವನ್ನು ‘ಯ’ ಎಂದುಕೊಂಡು (ಯ − 2)(ಯ − 3) = 0 ಎಂದು ಅಪವರ್ತಿಸಿದ ಕೂಡಲೇ ಉತ್ತರ 2 ಅಥವಾ 3 ಎಂದು ಬರೆದುಬಿಡುತ್ತೇವೆ; ಆದರೆ ಗುಣಲಬ್ಧ ಸೊನ್ನೆಯಾದರೆ ಅಪವರ್ತನಗಳಲ್ಲೊಂದು ಸೊನ್ನೆಯಾಗಲೇಬೇಕೆಂಬ ಈ ಹೆಜ್ಜೆ ಎಲ್ಲ ಸಂಖ್ಯಾ ವ್ಯವಸ್ಥೆಗಳಲ್ಲೂ ನಡೆಯುವುದಿಲ್ಲ. ಗಡಿಯಾರದಂತೆ 12 ಬಂದಾಗಲೆಲ್ಲ ಸೊನ್ನೆಗೆ ಮರಳುವ ಎಣಿಕೆಯಲ್ಲಿ 4 × 3 ಸೊನ್ನೆಯೇ ಆದ್ದರಿಂದ 6 ಕೂಡ ಇದೇ ಸಮೀಕರಣಕ್ಕೆ ಮೂಲವಾಗುತ್ತದೆ, 9 × 8 = 72, ಅಂದರೆ 12ರ ಆರು ಪಟ್ಟು, ಆಗುವುದರಿಂದ 11 ಕೂಡ; ಅಲ್ಲಿ ಒಟ್ಟು ನಾಲ್ಕು ಮೂಲಗಳು! ವಾಸ್ತವ ಸಂಖ್ಯೆಗಳಲ್ಲಿ ಸೊನ್ನೆಯಲ್ಲದ ಪ್ರತಿ ಸಂಖ್ಯೆಗೂ ಗುಣಾಕಾರದ ವಿಲೋಮ (ಗುಣಿಸಿದರೆ 1 ಕೊಡುವ ಸಂಖ್ಯೆ) ಇದ್ದು, ಸೊನ್ನೆಯಲ್ಲದ ಅಪವರ್ತನವನ್ನು ಅದರಿಂದ ಗುಣಿಸಿ ತೆಗೆದುಹಾಕಿದರೆ ಇನ್ನೊಂದು ಸೊನ್ನೆಯೆಂದೇ ಉಳಿಯುವುದರಿಂದ ಹೀಗಾಗುವುದಿಲ್ಲ.

ಇದನ್ನು ಬಲ್ಲ ಶಿಕ್ಷಕರು, ವಿದ್ಯಾರ್ಥಿಯೊಬ್ಬ (ಯ − 2)(ಯ − 3) = 6 ಎಂಬಲ್ಲಿ ‘ಯ − 2 = 6’ ಎಂದು ಬರೆದಾಗ ಕೆಂಪು ಗೆರೆ ಎಳೆದು ಸುಮ್ಮನಾಗದೆ, 2 × 3 ಕೂಡ 6, ಅರ್ಧ × 12 ಕೂಡ 6 ಎಂದು ತೋರಿಸಿ, ಸೊನ್ನೆಗಿರುವ ಗುಣ 6ಕ್ಕಿಲ್ಲ ಎಂಬುದನ್ನು ಮನದಟ್ಟು ಮಾಡಬಲ್ಲರು.

ಶಾಲೆಯ ಗಣಿತ ಕಾಲೇಜಿನಲ್ಲೂ, ಕಾಲೇಜಿನ ಗಣಿತ ಶಿಕ್ಷಕರಾಗಿ ಮತ್ತೆ ಶಾಲೆಗೆ ಬಂದಾಗಲೂ ಮರೆತುಹೋಗುವ ಈ ಎರಡು ಬಾರಿಯ ಬಿರುಕನ್ನು ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ 1908ರಲ್ಲೇ ಗುರುತಿಸಿದ್ದರು. ಆದ್ದರಿಂದ ಇಂಥ ಉದಾಹರಣೆಗಳನ್ನು ಬಿ.ಎಡ್.ವರೆಗೆ ಕಾಯದೆ ಬೀಜಗಣಿತದ ತರಗತಿಯಲ್ಲೇ ಬಿಡಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.